ಕುರಿಂಜಿ ಗಿಡ, ಸೂರಕ್ಕಿ: ಇವೆರಡನ್ನು ಹೋಲಿಸೋಕೆ ಆಗುತ್ತಾ?

ಹಾಸನದ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಈ ಸಲ ಒಂದು ಚಟುವಟಿಕೆ ಕೊಡಬೇಕು ಅಂತ ಇದ್ದೇನೆ. ಒಂದು ಅಪರೂಪದ ಗಿಡ, ಒಂದು ಮಾಮೂಲಿ ಹಕ್ಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಬರೆಯಬೇಕು. ಗಿಡಕ್ಕೆ ಕುರಿಂಜಿ ಆರಿಸಿದ್ದೇನೆ, ಯಾಕಂದ್ರೆ 2022ರಲ್ಲಿ ಚಂದ್ರದ್ರೋಣ ಗಿರಿಯಲ್ಲಿ (ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಸಾಲು) ಅರಳಿದಾಗ ನಮ್ಮ ಕೆಲವು ಮಕ್ಕಳು ಮನೆಯವರ ಜೊತೆ ಹೋಗಿ ನೋಡಿ ಬಂದಿದ್ದಾರೆ. ಹಕ್ಕಿಗೆ ಸೂರಕ್ಕಿ. ಶಾಲೆಯ ಕಾಂಪೌಂಡಿನಲ್ಲಿ ದಾಸವಾಳ, ಕೇಪಳ ಇವೆ, ದಿನಾ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಜೋಡಿ ಬಂದೇ ಬರುತ್ತೆ.

ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬರು ಗಿಡಕ್ಕೂ ಹಕ್ಕಿಗೂ ಏನು ಹೋಲಿಕೆ, ಗಿಡಕ್ಕೆ ಗಿಡ ಇಡಿ, ಹಕ್ಕಿಗೆ ಹಕ್ಕಿ ಇಡಿ ಅಂದರು. ನನಗೆ ಹಾಗನ್ನಿಸಲಿಲ್ಲ. ಎರಡೂ ಮಾಡೋ ಕೆಲಸ ಒಂದೇ ಅಲ್ವಾ, ತನ್ನ ಮುಂದಿನ ತಲೆಮಾರನ್ನು ಬಿಟ್ಟು ಹೋಗೋದು. ಆ ಕೆಲಸವನ್ನು ಎರಡೂ ಪೂರ್ತಿ ಬೇರೆ ಬೇರೆ ರೀತಿಯಲ್ಲಿ ಮಾಡುತ್ತವೆ. ಮಕ್ಕಳಿಗೆ ಅದು ಕಾಣಬೇಕು ಅನ್ನೋದೇ ನನ್ನ ಆಸೆ.

ನನ್ನ ಪ್ರಶ್ನೆಗಳು ಇಷ್ಟು. ಕುರಿಂಜಿ ಗಿಡವೇ ಅಪರೂಪವಾ, ಇಲ್ಲ ಹೂ ಬಿಡೋದು ಮಾತ್ರ ಅಪರೂಪವಾ? ಮಕ್ಕಳು "ಮಿಸ್, ಇಡೀ ಗುಡ್ಡ ತುಂಬಾ ಇತ್ತು, ಅದು ಹೇಗೆ ಅಪರೂಪ ಆಗುತ್ತೆ" ಅಂತ ಕೇಳುತ್ತಾರೆ, ಒಳ್ಳೆ ಪ್ರಶ್ನೆಯೇ. ಎರಡನೇದು, ಸೂರಕ್ಕಿ ಕುರಿಂಜಿ ಹೂವಿನ ಮಕರಂದ ಕುಡಿಯುತ್ತಾ? ಹಾಗಿದ್ದರೆ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಬಹುದು. ಕೊನೇದು, ನಾವು ಗಮನ ಕೊಡದೆ ಇದ್ದರೆ ಇವೆರಡರಲ್ಲಿ ಯಾವುದು ಮೊದಲು ಕಳೆದುಹೋಗುತ್ತೆ?

ಗೊತ್ತಿದ್ದವರು ದಯವಿಟ್ಟು ಬಿಡಿಸಿ ಬರೆಯಿರಿ. ಚಿಕ್ಕ ಉತ್ತರ ಬೇಡ, ಮಕ್ಕಳು ಬಿಡದೆ ಕೇಳುತ್ತಾರೆ.

ಗುಡ್ಡದ ಹಾದಿ

ಟೀಚರ್, ನಿಮ್ಮ ಮಕ್ಕಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅಪರೂಪ ಅನ್ನೋದರಲ್ಲಿ ಹಲವು ಬಗೆ ಇವೆ. ಕೆಲವು ಗಿಡ ಎಲ್ಲಿ ಹುಡುಕಿದರೂ ಒಂದೋ ಎರಡೋ ಸಿಗುತ್ತವೆ. ಕುರಿಂಜಿ ಆ ಜಾತಿಯಲ್ಲ. ಅದು ಇರೋ ಜಾಗದಲ್ಲಿ ಲೆಕ್ಕವಿಲ್ಲದಷ್ಟು ಇರುತ್ತೆ. ಆದರೆ ಇರೋ ಜಾಗವೇ ಕಡಿಮೆ. ಸಮುದ್ರಮಟ್ಟದಿಂದ ಸುಮಾರು 1300ರಿಂದ 2400 ಮೀಟರ್ ಎತ್ತರದ ಹುಲ್ಲುಗುಡ್ಡಗಳೇ ಅದಕ್ಕೆ ಬೇಕು. ನೀಲಗಿರಿ, ಪಳನಿ ಬೆಟ್ಟ, ಮುನ್ನಾರ್ ಸುತ್ತಿನ ಆನೈಮಲೆ, ನಮ್ಮಲ್ಲಿ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಸಾಲು. ಕೆಳಗೆ ಬಯಲಿಗೆ ತಂದು ನೆಟ್ಟರೆ ಆಗಲ್ಲ. ಅಂದ್ರೆ ಅದು ಒಂದರಿಂದ ಒಂದು ದೂರ ಇರೋ ಗುಡ್ಡದ ತಲೆಗಳ ಮೇಲೆ ಮಾತ್ರ ಇರೋ ಗಿಡ. ಒಂದು ಗುಡ್ಡದ್ದು ಹೋದರೆ ಪಕ್ಕದ ಗುಡ್ಡದಿಂದ ತಾನಾಗೇ ಬಂದು ತುಂಬಿಕೊಳ್ಳೋದು ಬಹಳ ಕಷ್ಟ.

ಇನ್ನು ಕಾಲದ ಲೆಕ್ಕ. ಕುರಿಂಜಿ ಅರಳೋದು ಹನ್ನೆರಡು ವರ್ಷಕ್ಕೊಮ್ಮೆ. ಮುನ್ನಾರ್ ಕಡೆಯ ಕುರಿಂಜಿ 1838ರಿಂದ ದಾಖಲೆಯಲ್ಲಿದೆ. ಹನ್ನೆರಡು ಹನ್ನೆರಡು ಕೂಡಿಸುತ್ತಾ ಬನ್ನಿ, 1970, 1982, 1994, 2006, 2018, ಸರಿಯಾಗಿ ಕೂರುತ್ತೆ. ಅಲ್ಲಿ ಮುಂದಿನದು 2030. ಮಕ್ಕಳ ಕೈಲೇ ಈ ಲೆಕ್ಕ ಮಾಡಿಸಿ, ಯಾರ ಅಜ್ಜಿ ಹುಟ್ಟಿದ ಮೇಲೆ ಎಷ್ಟು ಸಲ ಅರಳಿದೆ ಅಂತ ಕೇಳಿ. ಮುನ್ನಾರ್ ಬೆಟ್ಟದ ಮುದುವರು ಅನ್ನೋ ಆದಿವಾಸಿಗಳು ಹಿಂದೆ ವಯಸ್ಸನ್ನೇ ಕುರಿಂಜಿ ಹೂವಿನ ಲೆಕ್ಕದಲ್ಲಿ ಹೇಳುತ್ತಿದ್ದರು.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ, ಈ ಗಿಡ ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತೆ. ಹನ್ನೊಂದು ವರ್ಷ ಎಲೆ, ಕಾಂಡ, ಬೇರು ಅಂತ ಬೆಳೆದುಕೊಂಡು ಇರುತ್ತೆ. ಹನ್ನೆರಡನೇ ವರ್ಷ ಹೂ, ಆಮೇಲೆ ಬೀಜ, ಆಮೇಲೆ ಗಿಡ ಒಣಗಿ ಸಾಯುತ್ತೆ. ಮಾವಿನ ಮರದ ಹಾಗೆ ಈ ವರ್ಷ ಬಿಟ್ಟು ಮುಂದಿನ ವರ್ಷವೂ ಬಿಡೋದಿಲ್ಲ. ಮುಂದಿನ ಹನ್ನೆರಡು ವರ್ಷಕ್ಕೆ ಕಾಣೋದು ಆ ಗಿಡದ ಮಕ್ಕಳು.

ಹೀಗೆ ಎಲ್ಲವೂ ಒಟ್ಟಿಗೆ ಹೂ ಬಿಡೋದು ಯಾಕೆ ಅನ್ನೋದಕ್ಕೆ ವಿಜ್ಞಾನಿಗಳು ಕೊಡೋ ಒಂದು ಮುಖ್ಯ ವಿವರಣೆ ಇದೆ. ಬೀಜ ತಿನ್ನೋ ಹುಳ, ಇಲಿ, ಹಕ್ಕಿಗಳು ಎಷ್ಟು ತಿಂದರೂ ಮುಗಿಯದಷ್ಟು ಬೀಜ ಒಂದೇ ಸಲ ಉದುರುತ್ತೆ, ಹೊಟ್ಟೆ ತುಂಬಿದ ಮೇಲೂ ಉಳಿದದ್ದು ಮೊಳೆಯುತ್ತೆ. ಮಧ್ಯದ ವರ್ಷಗಳಲ್ಲಿ ಬೀಜವೇ ಇಲ್ಲದ್ದರಿಂದ ಆ ಬೀಜವನ್ನೇ ನಂಬಿದ ಹುಳಗಳ ಸಂಖ್ಯೆ ಏರೋಕೂ ಆಗಲ್ಲ. ಬಿದಿರು ಮಾಡೋದೂ ಇದನ್ನೇ, ಅದರ ಲೆಕ್ಕ ಇನ್ನೂ ಉದ್ದ. ಅರಳೋ ವರ್ಷ ಜೇನುಹುಳಗಳಿಗೂ ಗುಡ್ಡವೇ ಕಣಜ, ಹಾಗಾಗಿ ಪರಾಗಸ್ಪರ್ಶ ಚೆನ್ನಾಗಿ ಆಗುತ್ತೆ.

ಇದೇ ಕುಲದಲ್ಲಿ ಭಾರತದಲ್ಲೇ ನೂರಕ್ಕಿಂತ ಜಾಸ್ತಿ ಜಾತಿಗಳಿವೆ, ಒಂದೊಂದರ ಲೆಕ್ಕ ಒಂದೊಂದು ಥರ. ಮಹಾರಾಷ್ಟ್ರದ ಸಹ್ಯಾದ್ರಿಯ ಕಾರ್ವಿ ಎಂಟು ವರ್ಷಕ್ಕೊಮ್ಮೆ, ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2016ರಲ್ಲಿ ಆಗಿತ್ತು, ಮತ್ತೆ 2024ರಲ್ಲಿ. ಕೆಲವು ಜಾತಿ ಪ್ರತಿವರ್ಷವೂ ಬಿಡುತ್ತವೆ. ಅದಕ್ಕೇ ಪೇಪರಿನಲ್ಲಿ ಪ್ರತಿ ವರ್ಷ ಎಲ್ಲೋ ಒಂದು ಕಡೆ "ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂ" ಅಂತ ಸುದ್ದಿ ಬರುತ್ತಲೇ ಇರುತ್ತೆ. ನೋಡಿದ ನೀಲಿ ಹೂವೆಲ್ಲ ಅದೇ ಜಾತಿ ಅಲ್ಲ.

ಒಂದು ಪ್ರಯೋಗ ಹೇಳುತ್ತೇನೆ, ಮಾಡಿಸಿ. ಕನಕಾಂಬರ ಕುರಿಂಜಿಯ ಮನೆತನದ್ದೇ. ಗೊರಟೆ, ಆಡುಸೋಗೆ ಕೂಡ. ಕನಕಾಂಬರದ ಒಣಗಿದ ತೆನೆ ಕಿತ್ತು ತಂದು ತಟ್ಟೆಯಲ್ಲಿಟ್ಟು ನಾಲ್ಕು ಹನಿ ನೀರು ಹಾಕಿ. ಸ್ವಲ್ಪ ಹೊತ್ತಿಗೆ ಪಟ್ ಪಟ್ ಅಂತ ಸಿಡಿದು ಬೀಜ ದೂರ ಹಾರುತ್ತೆ. ಆ ಕಾಯಿ ಒಡೆದು ನೋಡಿದರೆ ಒಳಗೆ ಬೀಜದ ಕೆಳಗೆ ಒಂದೊಂದು ಸಣ್ಣ ಕೊಕ್ಕೆ ಕಾಣುತ್ತೆ. ಬೀಜವನ್ನು ಎಸೆಯೋದು ಅದೇ. ಕುರಿಂಜಿ ಬಂಧುಗಳ ಕಾಯಲ್ಲೂ ಇದೇ ಕೊಕ್ಕೆ. ಕಾರ್ವಿ ಗುಡ್ಡಗಳಲ್ಲಿ ಕಾಯಿ ಒಣಗಿ ಸಿಡಿಯೋ ಕಾಲಕ್ಕೆ ಆ ಚಟಪಟ ಸದ್ದು ನಡೆಯುವವರ ಕಿವಿಗೂ ಬೀಳುತ್ತೆ.

ದುರ್ಬೀನು ಮೈಸೂರು

ಹಕ್ಕಿ ಕಡೆಯ ಉತ್ತರ ನಾನು ಬರೀತೀನಿ.

ಟೀಚರ್, ನಿಮ್ಮ ಕಾಂಪೌಂಡಿಗೆ ಬರೋದು ಹೆಚ್ಚಾಗಿ ನೇರಳೆ ಬೆನ್ನಿನ ಸೂರಕ್ಕಿ ಇರಬೇಕು. ಹತ್ತು ಸೆಂಟಿಮೀಟರಿಗಿಂತ ಚಿಕ್ಕದು. ಗಂಡಿನ ಬೆನ್ನು ಕೆಂಗಂದು, ನೆತ್ತಿಯಲ್ಲಿ ಹಸಿರು ಹೊಳಪು, ಸೊಂಟದ ಮೇಲೆ ನೇರಳೆ, ಹೊಟ್ಟೆ ಹಳದಿ. ನೆರಳಲ್ಲಿ ಕೂತಾಗ ಮಾಸಲು ಕಪ್ಪಾಗಿ ಕಾಣುತ್ತೆ, ಬಿಸಿಲು ಬಿದ್ದ ಕೂಡಲೇ ಆ ಹೊಳಪು ಎದ್ದು ಬರುತ್ತೆ. ಹೆಣ್ಣಿಗೆ ಗಂಟಲು ಬೂದು ಬಿಳಿ, ಎದೆ ಹಳದಿ. ಇದು ಭಾರತ ಉಪಖಂಡ ಬಿಟ್ಟು ಹೆಚ್ಚೇನೂ ಆಚೆ ಸಿಗದ ಹಕ್ಕಿ. ಲಂಡನ್ನಿಂದ ಹಕ್ಕಿ ನೋಡೋಕೆ ಬರುವವರಿಗೆ ಇದೇ ಅಪರೂಪ. ನಮಗೆ ಬಾಗಿಲು ತೆರೆದರೆ ಕಾಣುತ್ತೆ ಅಷ್ಟೇ. ಮಕ್ಕಳಿಗೆ ಇದನ್ನೂ ಹೇಳಿ, ಮಾಮೂಲಿ ಅನ್ನೋದು ನಾವು ಎಲ್ಲಿ ನಿಂತಿದ್ದೇವೆ ಅನ್ನೋದರ ಮೇಲೂ ಹೋಗುತ್ತೆ.

ಗೂಡನ್ನು ಹತ್ತಿರದಿಂದ ನೋಡಿದ್ದೀರಾ? ತಂತಿಯ ತುದಿಯಲ್ಲೋ, ದಾಸವಾಳದ ಇಳಿಬಿದ್ದ ಕೊಂಬೆಯಲ್ಲೋ ಸಣ್ಣ ಚೀಲದ ಹಾಗೆ ತೂಗಾಡುತ್ತಿರುತ್ತೆ. ಕಟ್ಟೋದು ಬಹುತೇಕ ಹೆಣ್ಣೇ. ಮೊದಲು ಜೇಡರ ಬಲೆ ತರುತ್ತೆ. ಗೋಡೆ ಮೂಲೆಗೆ ಹೋಗಿ ಕೊಕ್ಕಿನಿಂದ ಬಲೆಯನ್ನು ಸುತ್ತಿಕೊಂಡು ಬಂದು ಕೊಂಬೆಗೆ ಒರೆಸುತ್ತೆ. ಆ ಅಂಟಿಗೆ ನಾರು, ಒಣ ಹುಲ್ಲು, ತೊಗಟೆಯ ಚೂರು, ಕಂಬಳಿಹುಳದ ಹಿಕ್ಕೆ ಎಲ್ಲ ಸೇರಿಸುತ್ತೆ. ಹೊರಗಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ ಅಂತಲೇ ಅನ್ನಿಸಬೇಕು, ಕಾಗೆ ಕಣ್ಣಿಗೆ ಬೀಳಬಾರದು ಅಂತಲೇ ಹಾಗೆ. ಬಾಯಿ ಪಕ್ಕದಲ್ಲಿ, ಬಾಯಿ ಮೇಲೆ ಒಂದು ಸಣ್ಣ ಚಾವಣಿ, ಮಳೆ ನೀರು ಒಳಗೆ ಇಳಿಯದ ಹಾಗೆ. ಒಳಗೆ ಹತ್ತಿಯಂಥ ಮೆತ್ತನೆ ಹಾಸು. ಹೆಣ್ಣು ಕಾವಿಗೆ ಕೂತಾಗ ಆ ಬಾಯಿಂದ ಬಾಗಿದ ಕೊಕ್ಕು ಮಾತ್ರ ಆಚೆ ಕಾಣುತ್ತೆ.

ಸಾಮಾನ್ಯವಾಗಿ ಎರಡು ಮೊಟ್ಟೆ. ಎರಡು ವಾರದಷ್ಟು ಕಾವು. ಮರಿ ಹಾರೋಕೆ ಇನ್ನೂ ಎರಡು ವಾರದ ಮೇಲೆ. ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಮರಿ ಮಾಡುತ್ತವೆ, ಇಂಥದೇ ತಿಂಗಳು ಅಂತಿಲ್ಲ. ಗೂಡು ಹಾಳಾದರೆ ಕೆಲವೇ ದಿನಕ್ಕೆ ಇನ್ನೊಂದು ಕಡೆ ಶುರು ಮಾಡಿಬಿಡುತ್ತೆ. ಈಗ ಕುರಿಂಜಿ ಪಕ್ಕ ಇಟ್ಟು ನೋಡಿ. ಗಿಡ ಹನ್ನೆರಡು ವರ್ಷದ ದುಡಿಮೆಯನ್ನೆಲ್ಲ ಒಂದೇ ಋತುವಿಗೆ ಸುರಿಯುತ್ತೆ, ಹಕ್ಕಿ ಎರಡೆರಡೇ ಮೊಟ್ಟೆಯಂತೆ ಸ್ವಲ್ಪ ಸ್ವಲ್ಪವಾಗಿ ಹಂಚಿ ಇಡುತ್ತೆ. ಕುರಿಂಜಿ ಒಂದು ಸಲ ಅರಳಿ ಮತ್ತೆ ಅರಳೋ ಹೊತ್ತಿಗೆ ಸೂರಕ್ಕಿಯಲ್ಲಿ ಎಷ್ಟೋ ತಲೆಮಾರು ಕಳೆದಿರುತ್ತೆ. ನಿಮ್ಮ ಸಹೋದ್ಯೋಗಿಗೆ ಇದನ್ನೇ ಹೇಳಿ. ಗಿಡಕ್ಕೆ ಗಿಡ ಇಟ್ಟರೆ ಈ ವ್ಯತ್ಯಾಸ ಇಷ್ಟು ಚೆನ್ನಾಗಿ ಎದ್ದು ಕಾಣಲ್ಲ.

ಎರಡನೇ ಪ್ರಶ್ನೆಗೆ ಬರೋಣ. ಎರಡನ್ನೂ ಒಂದೇ ಚಿತ್ರದಲ್ಲಿ ಬರೆಸಬೇಡಿ. ಕುರಿಂಜಿ ಹೂವಿನ ಮುಖ್ಯ ಕೆಲಸಗಾರ ಜೇನುಹುಳ, ಅದರಲ್ಲೂ ತುಡುವೆ. ಹೂವಿನ ಆಕಾರ ನೋಡಿದರೇ ಗೊತ್ತಾಗುತ್ತೆ, ಅಗಲ ಬಾಯಿಯ ಗಂಟೆ, ಹುಳ ಒಳಗೆ ನುಗ್ಗೋಕೆ ಜಾಗ. ಬಣ್ಣವೂ ನೀಲಿ, ಜೇನುಹುಳಕ್ಕೆ ಚೆನ್ನಾಗಿ ಕಾಣೋ ಬಣ್ಣ. ಸೂರಕ್ಕಿ ಇಷ್ಟಪಡೋದು ಕೊಳವೆ ಹೂ, ಕೆಂಪು ಕಿತ್ತಳೆ ಬಣ್ಣದ್ದು ಜಾಸ್ತಿ. ಮಾವಿನ ಮರದ ಮೇಲೆ ಬರುವ ಬದನಿಕೆ ಇದೆಯಲ್ಲ, ಅದರ ಹೂವಿಗೂ ಸೂರಕ್ಕಿಗೂ ಬಹಳ ನಂಟು, ಹಕ್ಕಿ ಕೊಕ್ಕು ಹಾಕಿದಾಗ ಪರಾಗ ಹಣೆಗೆ ಮೆತ್ತಿಕೊಳ್ಳುತ್ತೆ. ಚಿತ್ರ ಬೇಕಿದ್ದರೆ ಅದನ್ನು ಬರೆಸಿ. ಹೂ ಉದ್ದ ಜಾಸ್ತಿಯಾಗಿ ಕೊಕ್ಕು ಎಟುಕದಿದ್ದರೆ ಬುಡದಲ್ಲಿ ತೂತು ಕೊರೆದು ಹೀರುತ್ತೆ, ಆಗ ಗಿಡಕ್ಕೆ ಏನೂ ಲಾಭವಿಲ್ಲ. ದಾಸವಾಳದ ಬುಡದಲ್ಲಿ ಸಣ್ಣ ಸೀಳು ಇದ್ದರೆ ಮಕ್ಕಳಿಗೆ ತೋರಿಸಿ.

ಕುರಿಂಜಿ ಇರೋ ಗುಡ್ಡದ್ದೇ ಹಕ್ಕಿ ಬೇಕು ಅಂದ್ರೆ ಅಗಲ ಬಾಲದ ಹುಲ್ಲುಹಕ್ಕಿ ಇದೆ. ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗುಡ್ಡ ಬಿಟ್ಟು ಬೇರೆ ಕಡೆ ಅದು ಮರಿ ಮಾಡೋದಿಲ್ಲ, ಬಾಬಾಬುಡನ್ ಸಾಲಿನಲ್ಲೂ ಇದೆ. ಆದರೆ ಅದು ಮಾಮೂಲಿ ಹಕ್ಕಿ ಅಲ್ಲ, ಅದಕ್ಕೂ ಕುರಿಂಜಿಗಿರೋ ಕಷ್ಟವೇ.

ತೋಟದಮನೆ

ನಮ್ಮದು ಗಿರಿಯ ಬುಡದಲ್ಲಿ ಕಾಫಿ ತೋಟ. 2022ರ ಹೂವಿನ ಬಗ್ಗೆ ಹೇಳುತ್ತೇನೆ, ಪುಸ್ತಕದಲ್ಲಿ ಸಿಗದ ಮಾತು ಒಂದೆರಡಿದೆ.

ಸೆಪ್ಟೆಂಬರ್ ಕೊನೆಗೆ ಮಂಜು ಸ್ವಲ್ಪ ಸರಿದಾಗ ಗುಡ್ಡದ ಮೈ ನೀಲಿ. ದೂರದಿಂದ ನೋಡಿದರೆ ನೆರಳು ಬಿದ್ದಿದೆ ಅಂತ ಅನ್ನಿಸುತ್ತೆ, ಹತ್ತಿರ ಹೋದರೆ ತೆನೆ ತೆನೆಯಾಗಿ ಹೂ. ಹೊಸದಾಗಿ ಅರಳಿದ್ದು ತಿಳಿ ನೀಲಿ, ಹಳೆಯದಾಗುತ್ತಾ ನೇರಳೆ ಕಡೆ ತಿರುಗುತ್ತೆ, ಒಂದೇ ತೆನೆಯಲ್ಲಿ ಎರಡೂ ಇರುತ್ತೆ. ಜೇನಿನ ಸದ್ದು ಎಷ್ಟಿತ್ತು ಅಂದ್ರೆ ಕಾರುಗಳ ಹಾರ್ನ್ ನಡುವೆಯೂ ಕೇಳುತ್ತಿತ್ತು.

ಹೌದು, ಕಾರುಗಳು. ವಾರದ ಕೊನೆಯಲ್ಲಿ ಸಾಲುಗಟ್ಟಿ ನಿಂತಿದ್ದವು. ಬಂದವರನ್ನು ಬೈಯೋಕೆ ನನಗೆ ಮನಸ್ಸಿಲ್ಲ, ಹೂ ನೋಡೋ ಆಸೆ ಒಳ್ಳೆಯದೇ. ಆದರೆ ಫೋಟೋಗೆ ಅಂತ ಹೂವಿನ ಮಧ್ಯಕ್ಕೆ ಇಳಿದು ಕೂತವರು, ತೆನೆಯನ್ನೇ ಮುರಿದು ಮುಡಿಗೆ ಸಿಕ್ಕಿಸಿಕೊಂಡವರು, ಗಿಡ ಬೇರು ಸಮೇತ ಕಿತ್ತು ಮನೆಗೆ ಒಯ್ದವರು ತುಂಬಾ ಜನ. ಒಂದು ಹೂ ಕಿತ್ತರೆ ಏನಾಯಿತು ಅಂತ ಕೇಳುತ್ತಾರೆ. ಮೇಲೆ ಗುಡ್ಡದ ಹಾದಿಯವರು ಬರೆದಿದ್ದಾರಲ್ಲ, ಆ ಗಿಡ ಬದುಕಿನಲ್ಲಿ ಬಿಡೋದು ಅದೊಂದೇ ಸಲ. ಬೀಜ ಆಗೋ ಮೊದಲೇ ತೆನೆ ಮುರಿದರೆ ಆ ಗಿಡದ ಕಥೆ ಮುಗಿಯಿತು, ಅದಕ್ಕೆ ಮುಂದಿನ ವರ್ಷ ಅನ್ನೋದಿಲ್ಲ.

ಹೂ ಮುಗಿದ ಮೇಲಿನ ವರ್ಷಗಳನ್ನು ಯಾರೂ ನೋಡೋದಿಲ್ಲ, ನನಗೆ ಅದೇ ಬೇಸರ. ಜನ ಹೋದ ಮೇಲೆ ಒಣಗಿದ ಕಡ್ಡಿ ನಿಂತಿರುತ್ತೆ. ಅದರ ಬುಡದಲ್ಲಿ ಮಳೆ ಬಿದ್ದ ಮೇಲೆ ಸಣ್ಣ ಸಣ್ಣ ಸಸಿ ಬರುತ್ತೆ, ಹುಲ್ಲಿನ ನಡುವೆ ಬಗ್ಗಿ ಹುಡುಕಬೇಕು. ಆ ಎಳೆಯ ಸಸಿ ಇರೋ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಬಹಳ ನಷ್ಟ. ಹೂವಿನ ವರ್ಷ ಬರುವಷ್ಟೇ ಕಾವಲು ಆ ವರ್ಷಗಳಿಗೂ ಬೇಕು. ಹೂ ಇಲ್ಲದ ಗುಡ್ಡಕ್ಕೆ ಬಂದವರು "ಇಲ್ಲಿ ಏನೂ ಇಲ್ಲ, ಬರೀ ಹುಲ್ಲು" ಅಂತಾರೆ. ಜೀಪು, ಬೈಕು ಹಾದಿ ಬಿಟ್ಟು ಹತ್ತಿಸುತ್ತಾರೆ. ಅವರ ಚಕ್ರದ ಕೆಳಗೆ ಇರೋದು ಕುರಿಂಜಿಯೇ, ಹೂ ಇಲ್ಲ ಅಷ್ಟೇ.

ಆ ಬರೀ ಹುಲ್ಲಿನಿಂದಲೇ ನಮಗೆಲ್ಲ ನೀರು. ವೇದಾ, ಅವತಿ ಎರಡೂ ಈ ಗಿರಿಯಲ್ಲೇ ಹುಟ್ಟಿ ಮುಂದೆ ವೇದಾವತಿ ಆಗಿ ಬಯಲು ಸೀಮೆಗೆ ಹೋಗುತ್ತವೆ. ಹುಲ್ಲುಗುಡ್ಡ, ಮಡಿಲಲ್ಲಿ ಶೋಲಾ ಕಾಡು (ಕಣಿವೆಯಲ್ಲಿ ಬೆಳೆಯೋ ಗಿಡ್ಡ ಮರಗಳ ದಟ್ಟ ಕಾಡು), ಎರಡೂ ಇದ್ದರೇ ಹಳ್ಳ ಬೇಸಿಗೆಯಲ್ಲಿ ಹರಿಯೋದು.

ಹಾಸನದ ಟೀಚರ್

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಕನಕಾಂಬರದ ಪ್ರಯೋಗ ಖಂಡಿತ ಮಾಡಿಸುತ್ತೇನೆ. ದುರ್ಬೀನು ಸರ್ ಹೇಳಿದ ಹಾಗೆ ಚಿತ್ರ ಬೇರೆ ಬೇರೆ ಬರೆಸುತ್ತೇನೆ.

ಮೂರನೇ ಪ್ರಶ್ನೆ ಇನ್ನೂ ಉಳಿದಿದೆ. ಯಾವುದು ಮೊದಲು ಹೋಗುತ್ತೆ? ಕಾನೂನಿನಲ್ಲಿ ಎರಡಕ್ಕೂ ರಕ್ಷಣೆ ಇದೆಯಾ? ನಮ್ಮ ಮಕ್ಕಳು ಕೈಯಾರೆ ಮಾಡಬಹುದಾದದ್ದು ಏನಾದರೂ ಇದೆಯಾ? ಸುಮ್ನೆ ಬರೆದು ಮುಗಿಸೋ ಚಟುವಟಿಕೆ ಆಗಬಾರದು.

ಬೆಂಗಳೂರು ಚಾರಣ

ಕಾನೂನಿನ ವಿಷಯ ನಾನು ಹೇಳಬಲ್ಲೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು. ಆಮೇಲೆ ಕುರಿಂಜಿ ಮೂರನೇ ಅನುಸೂಚಿಯಲ್ಲಿ, ಅಂದ್ರೆ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ಕೀಳೋದು, ಮಾರೋದು ಅಪರಾಧ, ಜೈಲು ದಂಡ ಎರಡೂ ಆಗಬಹುದು. 2024ರಲ್ಲಿ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲೂ (ಯಾವ ಜೀವಿಗೆ ಎಷ್ಟು ಅಪಾಯ ಅಂತ ಹೇಳೋ ಪಟ್ಟಿ) ಅದನ್ನು ಅಪಾಯದ ಅಂಚಿಗೆ ಹೋಗಬಹುದಾದ ಗಿಡ ಅಂತ ಸೇರಿಸಿದರು. ಕಾರಣ ಬಹಳ ಸ್ಪಷ್ಟ. ಅದರ ಗುಡ್ಡಗಳು ಟೀ ತೋಟ ಆದವು, ಸೌದೆ ಮತ್ತು ಕಾಗದದ ಗಿರಣಿಗೆ ಅಂತ ನೀಲಗಿರಿ, ವ್ಯಾಟಲ್ (ಹೊರದೇಶದ ಅಕೇಶಿಯ), ಪೈನ್ ಮರ ನೆಟ್ಟರು, ಕಟ್ಟಡ ಎದ್ದವು. ವ್ಯಾಟಲ್ ಅಂತೂ ಒಮ್ಮೆ ಬಂದರೆ ಹುಲ್ಲಿನ ಮೇಲೆ ತಾನೇ ಹಬ್ಬುತ್ತಾ ಹೋಗುತ್ತೆ, ಅದರ ನೆರಳಿನಲ್ಲಿ ಕುರಿಂಜಿ ಬರಲ್ಲ. ಮರ ನೆಟ್ಟರೆ ಒಳ್ಳೆಯದು ಅಂತ ಎಲ್ಲ ಕಡೆ ಕಲಿಸುತ್ತೇವೆ ನೋಡಿ, ಹುಲ್ಲುಗುಡ್ಡದ ಮೇಲೆ ಮರ ನೆಡೋದು ಅದನ್ನು ಕೊಲ್ಲೋದು ಅಂತಲೂ ಮಕ್ಕಳಿಗೆ ಗೊತ್ತಿರಬೇಕು.

ಕೇರಳದವರು 2006ರಲ್ಲಿ, ಹೂವಿನ ವರ್ಷವೇ, ಇಡುಕ್ಕಿಯಲ್ಲಿ ಕುರಿಂಜಿಮಲ ಅಂತ ಅದಕ್ಕೇ ಒಂದು ಅಭಯಾರಣ್ಯ ಘೋಷಿಸಿದರು. ಸುಮಾರು 32 ಚದರ ಕಿಲೋಮೀಟರ್. ಪ್ರಾಣಿಗೆ ಅಭಯಾರಣ್ಯ ಕೇಳಿದ್ದೇವೆ, ಹೂವಿಗೆ ಅಂತ ಮಾಡಿದ್ದು ಅಪರೂಪ. ನಾನು 2018ರಲ್ಲಿ ಮುನ್ನಾರಿಗೆ ಹೋಗೋ ಪ್ಲಾನ್ ಹಾಕಿದ್ದೆ. ಆ ಆಗಸ್ಟಿನಲ್ಲೇ ಕೇರಳದ ದೊಡ್ಡ ಪ್ರವಾಹ, ರಸ್ತೆಗಳೇ ಹೋದವು. ಮುನ್ನಾರ್ ಪಕ್ಕದ ಇರವಿಕುಲಂ ರಾಷ್ಟ್ರೀಯ ಉದ್ಯಾನದಲ್ಲಿ ಹೂ ಬಿಟ್ಟಿತು, ನೋಡೋ ಜನ ಅಂದುಕೊಂಡಷ್ಟು ಬರಲಿಲ್ಲ. ನನ್ನ ಪ್ರಕಾರ ಗಿಡಕ್ಕೆ ಅದರಿಂದ ನಷ್ಟವೇನೂ ಆಗಲಿಲ್ಲ.

ಮೂರನೇ ಪ್ರಶ್ನೆಗೆ ನನ್ನ ಉತ್ತರ ಕುರಿಂಜಿ. ಅನುಮಾನವೇ ಇಲ್ಲ. ಸೂರಕ್ಕಿಗೆ ಊರೂ ಆಗುತ್ತೆ, ತೋಟವೂ ಆಗುತ್ತೆ, ಕಾಡೂ ಆಗುತ್ತೆ. ಇರೋ ಶ್ರಮವನ್ನೆಲ್ಲ ಕುರಿಂಜಿಗೆ ಹಾಕಬೇಕು. ಹಕ್ಕಿ ತನ್ನ ಪಾಡು ತಾನು ನೋಡಿಕೊಳ್ಳುತ್ತೆ.

ದುರ್ಬೀನು ಮೈಸೂರು

ಚಾರಣ ಅವರೇ, ಮೊದಲ ಭಾಗ ಒಪ್ಪಿದೆ. ಯಾವುದು ಮೊದಲು ಅಂದ್ರೆ ಕುರಿಂಜಿಯೇ, ಸೂರಕ್ಕಿಗೆ ಕೆಂಪು ಪಟ್ಟಿಯಲ್ಲಿ ಈಗ ಯಾವ ಆತಂಕವೂ ಇಲ್ಲ. ಕೊನೆಯ ವಾಕ್ಯ ಮಾತ್ರ ಒಪ್ಪಲ್ಲ. ತನ್ನ ಪಾಡು ತಾನು ನೋಡಿಕೊಳ್ಳುತ್ತೆ ಅನ್ನೋ ಮಾತನ್ನು ಗುಬ್ಬಚ್ಚಿಗೂ ಹೇಳಿದ್ದೆವು. ಅಂಗಡಿ ಮುಂದೆ ಅಕ್ಕಿ ಕಾಳು ಹೆಕ್ಕುತ್ತಾ ಇದ್ದ ಹಕ್ಕಿ ಬೆಂಗಳೂರಿನ ಎಷ್ಟೋ ಬಡಾವಣೆಯಿಂದ ಮಾಯವಾದಾಗ ಯಾವ ವರ್ಷ ಹೋಯಿತು ಅಂತ ಹೇಳೋಕೂ ಯಾರಿಗೂ ಆಗಲಿಲ್ಲ, ಯಾಕಂದ್ರೆ ಯಾರೂ ಎಣಿಸಿರಲಿಲ್ಲ. ಕುರಿಂಜಿಗೆ ಸುಮಾರು ಇನ್ನೂರು ವರ್ಷದ ಲೆಕ್ಕ ಇದೆ. ದಿನಾ ಕಾಣೋ ಹಕ್ಕಿಗೆ ನಮ್ಮ ಬೀದಿಯಲ್ಲಿ ಐದು ವರ್ಷದ ಲೆಕ್ಕವೂ ಇಲ್ಲ.

ಇನ್ನೊಂದು. ಸೂರಕ್ಕಿ ಅಂದ್ರೆ ಮಕರಂದ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ಮರಿಗಳಿಗೆ ಕೊಡೋದು ಹೆಚ್ಚಾಗಿ ಹುಳ, ಜೇಡ. ಸಕ್ಕರೆ ನೀರಿನಿಂದ ಮರಿಯ ಮೈ ಬೆಳೆಯಲ್ಲ. ಜೇಡ ಇಲ್ಲದಿದ್ದರೆ ಗೂಡು ಅಂಟಿಸೋಕೂ ಏನೂ ಇಲ್ಲ. ಕಾಂಪೌಂಡ್ ತುಂಬಾ ಹೂ ಇಟ್ಟು, ವಾರಕ್ಕೊಮ್ಮೆ ಔಷಧಿ ಹೊಡೆದು, ಬಲೆ ಎಲ್ಲ ಗುಡಿಸಿ ಸ್ವಚ್ಛ ಮಾಡಿದರೆ ಹಕ್ಕಿ ಬರುತ್ತೆ, ಕುಡಿಯುತ್ತೆ, ಮರಿ ಮಾತ್ರ ಮಾಡೋಕೆ ಆಗಲ್ಲ. ದೂರದಿಂದ ನೋಡಿದವರಿಗೆ ಹಕ್ಕಿ ಚೆನ್ನಾಗೇ ಇದೆ ಅನ್ನಿಸುತ್ತೆ.

ತೋಟದಮನೆ

ದುರ್ಬೀನು ಸರ್ ಹೇಳಿದ್ದು ತೋಟದಲ್ಲೂ ನಿಜ. ನೆರಳಿಗೆ ಹಾಲುವಾಣ, ಅತ್ತಿ, ಹಲಸು ಅಂತ ಬಗೆಬಗೆ ಮರ ಇಟ್ಟಿರೋ ತೋಟದಲ್ಲಿ ಸೂರಕ್ಕಿ ಸದ್ದು ಬೆಳಿಗ್ಗೆಯಿಂದ ಇರುತ್ತೆ. ಹಾಲುವಾಣ ಕೆಂಪಗೆ ಹೂ ಬಿಟ್ಟಾಗ ಒಂದೇ ಮರದ ಮೇಲೆ ಜಗಳ ಕೂಡ ಆಗುತ್ತೆ. ಬರೀ ಸಿಲ್ವರ್ ಓಕ್ ಸಾಲು ನೆಟ್ಟ ಕಡೆ ಅಷ್ಟು ಇಲ್ಲ.

ಚಾರಣ ಅವರಿಗೆ ಒಂದು ಮಾತು. ಕುರಿಂಜಿಗೆ ನಾವು ಮಾಡಬೇಕಾದ್ದು ಶ್ರಮ ಹಾಕೋದಲ್ಲ, ಕೈ ಇಡದೆ ಇರೋದು. ಗೊಬ್ಬರ ಬೇಡ, ನೀರು ಬೇಡ, ಬೇಲಿ ಕಟ್ಟಿ ಪಾರ್ಕ್ ಮಾಡೋದೂ ಬೇಡ. ಗುಡ್ಡವನ್ನು ಗುಡ್ಡವಾಗಿ ಬಿಟ್ಟರೆ ಸಾಕು, ಬೆಂಕಿ ಬೀಳದ ಹಾಗೆ, ಗಾಡಿ ಹತ್ತದ ಹಾಗೆ ನೋಡಿಕೊಂಡರೆ ಸಾಕು. ಸೂರಕ್ಕಿ ನಮ್ಮ ಅಂಗಳದ್ದು, ಅದಕ್ಕೆ ನಾವು ದಿನಾ ಏನಾದರೂ ಮಾಡಬಹುದು. ಮಕ್ಕಳಿಗೆ ಈ ಎರಡೂ ಬೇರೆ ಬೇರೆ ಕೆಲಸ ಅಂತ ತಿಳಿಸಿ ಟೀಚರ್.

ಗುಡ್ಡದ ಹಾದಿ

ಕೈಯಾರೆ ಮಾಡೋ ಕೆಲಸ ಕೇಳಿದ್ದೀರಲ್ಲ, ನನಗೆ ತೋಚಿದ್ದು ಹೇಳುತ್ತೇನೆ.

ಹಕ್ಕಿಗೆ: ವಾರದಲ್ಲಿ ಒಂದು ದಿನ, ಒಂದೇ ಹೊತ್ತಿಗೆ, ಕಾಲು ಗಂಟೆ ಒಂದೇ ಜಾಗದಲ್ಲಿ ಕೂತು ಎಷ್ಟು ಸೂರಕ್ಕಿ ಬಂತು, ಯಾವ ಹೂವಿಗೆ ಬಂತು, ಗಂಡೋ ಹೆಣ್ಣೋ ಅಂತ ಬರೆಸಿ. ಒಂದೂ ಬರದಿದ್ದ ದಿನ ಸೊನ್ನೆ ಅಂತಲೂ ಬರೀಬೇಕು, ಮಕ್ಕಳು ಅದನ್ನೇ ಬಿಟ್ಟುಬಿಡುತ್ತಾರೆ. ಈ ಪುಸ್ತಕ ಮುಂದಿನ ವರ್ಷದ ಒಂಬತ್ತನೇ ಕ್ಲಾಸಿಗೆ ಹೋಗಲಿ. ಹಕ್ಕಿ ಎಣಿಕೆ ದಾಖಲಿಸೋ ಇ-ಬರ್ಡ್ ಜಾಲತಾಣದಲ್ಲಿ ಶಾಲೆಯ ಹೆಸರಲ್ಲಿ ಹಾಕಿದರೆ ಅದು ದೇಶದ ಲೆಕ್ಕಕ್ಕೂ ಸೇರುತ್ತೆ. ಫೆಬ್ರವರಿಯಲ್ಲಿ ನಡೆಯೋ ಹಿತ್ತಲ ಹಕ್ಕಿ ಎಣಿಕೆಯಿಂದ ಶುರು ಮಾಡಬಹುದು. ಗೂಡು ಸಿಕ್ಕರೆ ಮುಟ್ಟೋದು ಬೇಡ, ಮೊಬೈಲ್ ಹತ್ತಿರ ಹಿಡಿಯೋದೂ ಬೇಡ, ಹತ್ತಡಿ ದೂರದಿಂದ ನೋಡಲಿ. ಔಷಧಿ ಹೊಡೆಯೋದು ನಿಲ್ಲಿಸೋಕೆ ನಿಮ್ಮ ಹೆಡ್‌ಮಾಸ್ಟರನ್ನು ಕೇಳಿ.

ಕುರಿಂಜಿಗೆ: ಮಕ್ಕಳನ್ನು ಹೂ ಇಲ್ಲದ ವರ್ಷ ಗಿರಿಗೆ ಕರೆದುಕೊಂಡು ಹೋಗಿ. ಹಾದಿ ಬಿಡದೆ, ಅಂಚಿನಲ್ಲೇ ನಿಂತು ಎಲೆ ನೋಡಿ ಗುರುತು ಹಿಡಿಯೋದು ಕಲಿಸಿ. ಎದುರುಬದುರು ಜೋಡಿ ಎಲೆ, ಅಂಚಿನಲ್ಲಿ ಹಲ್ಲು, ನರಗಳು ಒತ್ತಿ ಬರೆದ ಗೆರೆಯಷ್ಟು ಎದ್ದು ಕಾಣುತ್ತವೆ, ಗಿಡ ಮೊಣಕಾಲಿನ ಎತ್ತರ ಇರುತ್ತೆ. ಹೂ ಇಲ್ಲದೆ ಇದನ್ನು ಗುರುತಿಸಬಲ್ಲವರು ಊರಲ್ಲಿ ನಾಲ್ಕು ಜನ ಜಾಸ್ತಿಯಾದರೂ ಗುಡ್ಡಕ್ಕೆ ಲಾಭವೇ. ಸಸಿ, ಬೀಜ ಮಾರುತ್ತೇವೆ ಅಂತ ಆನ್‌ಲೈನಿನಲ್ಲಿ ಬರುತ್ತೆ, ತೆಗೆದುಕೊಳ್ಳಬೇಡಿ. ಕಾನೂನಿನ ಮಾತು ಒಂದು ಕಡೆ, ಹಾಸನದ ಎತ್ತರದಲ್ಲಿ ಅದು ಬಾಳೋದೂ ಇಲ್ಲ.

ಹಾಸನದ ಟೀಚರ್

ಬಹಳ ಉಪಕಾರ ಆಯಿತು. ಎಣಿಕೆ ಪುಸ್ತಕ ಸೋಮವಾರದಿಂದಲೇ ಶುರು. ಮಳೆ ಕಡಿಮೆಯಾದ ಮೇಲೆ ಗಿರಿಗೆ ಕರೆದುಕೊಂಡು ಹೋಗೋಕೆ ಅನುಮತಿ ಕೇಳುತ್ತೇನೆ. ತೋಟದಮನೆ ಅಣ್ಣ, ಸಸಿ ಇರೋ ಜಾಗ ಹಾದಿಯಿಂದಲೇ ಕಾಣುತ್ತಾ? ಮಕ್ಕಳು ಒಟ್ಟು ನಲವತ್ತು ಜನ.

ತೋಟದಮನೆ

ಕಾಣುತ್ತೆ ಅಕ್ಕ. ನಲವತ್ತು ಜನ ಒಟ್ಟಿಗೆ ಬೇಡ, ಎರಡು ಗುಂಪು ಮಾಡಿ, ಒಂದು ಗುಂಪು ಮೇಲೆ ಹೋದಾಗ ಇನ್ನೊಂದು ತೋಟದಲ್ಲಿ ಹಾಲುವಾಣದ ಕೆಳಗೆ ಕೂತು ಹಕ್ಕಿ ಎಣಿಸಲಿ. ಶನಿವಾರ ಭಾನುವಾರ ಬಿಟ್ಟು ಬನ್ನಿ, ಗಾಡಿಗಳ ಕಾಟ ಇರಲ್ಲ. ಜಿಗಣೆ ಇರುತ್ತೆ, ಎಲ್ಲರಿಗೂ ಉದ್ದ ಕಾಲುಚೀಲ ಹಾಕಿಸಿ.